ಪಂಢರಿನಾಥ ಮಾಡಿಕೊಟ್ಟ ಚಾವಿ

ಕಲಘಟಗಿಯ ಬಸ್‌ಸ್ಟ್ಯಾಂಡಿನ ಬಾಜೂಕೆ ಪಂಢರಿನಾಥನ ಚಾವಿ ಅಂಗಡಿ. ಮೂರು ಕಡೆ ತಗಡು, ಮುಂದೆ ಒಂದು ಕಟ್ಟೆ, ಕಟ್ಟೆಯ ಮೇಲೆ ಚಾವಿ ಕೊರೆಯುವ ಮಶೀನು. ಆ ಶನಿವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅವನು ಯಾರದೋ ಟ್ರಂಕಿನ ಕೀಲಿ ಬಿಚ್ಚುತ್ತ ಕೂತಿದ್ದ. ಬಿಳಿಯ ಸಣ್ಣ ಕಾರೊಂದು ಬಂದು ಅಂಗಡಿಯ ಮುಂದೆ ನಿಂತಿತು. ಕಾರಿನ ಬಂಪರ್ ಹೊಸದು, ಉಳಿದದ್ದೆಲ್ಲ ಹಳೆಯದು. ಅದನ್ನು ನೋಡಿದ್ದೇ ತಡ, ಸ್ಕ್ರೂಡ್ರೈವರ್ ಹಿಡಿದ ಅವನ ಕೈ ನಿಂತುಬಿಟ್ಟಿತು.

ಇಳಿದವಳು ಗೌತಮಿ, ಮಿಶ್ರಿಕೋಟಿಯ ದವಾಖಾನೆಯ ನರ್ಸ್. ಮೈಮೇಲೆ ಡ್ಯೂಟಿಯ ಸೀರೆ, ಕಾಲಲ್ಲಿ ಡ್ಯೂಟಿಯ ಚಪ್ಪಲಿ. ಒಂದು ತಾಸು ಪರವಾನಿಗಿ ಕೇಳಿ ಎರಡು ತಾಸಿನ ಕೆಲಸಕ್ಕೆ ಬಂದವಳ ಹಾಗೆ ಉಸಿರು ಬಿಡುತ್ತಿದ್ದಳು. ಚಾವಿಯನ್ನು ಕಟ್ಟೆಯ ಮೇಲೆ ಇಟ್ಟಳು.

"ಕಾಕಾ, ಹನ್ನೊಂದಕ್ಕ ನಾ ಇಲ್ಲಿಂದ ಬಿಡಬೇಕು. ಹನ್ನೊಂದೂವರಿಗೆ ನನ್ನ ಮಗಳ ಶಾಲಿ ಬಿಡತೈತಿ. ಅಷ್ಟರಾಗ ಈ ಗಾಡಿ ಒಂದು ಚಾವಿ ಮರೀಬೇಕು."

"ಯಾವ ಚಾವಿರಿ ಅಕ್ಕಾರ?"

"ನನ್ನ ಗಂಡನ ಕಡೆ ಇರೂದು."

ಪಂಢರಿನಾಥ ಟ್ರಂಕಿನ ಕೀಲಿಯನ್ನು ಕೆಳಗಿಟ್ಟ. ಆ ಚಾವಿ ಅವನಿಗೆ ಗೊತ್ತಿತ್ತು. ಅದರ ಒಂದೊಂದು ಹಲ್ಲೂ ಗೊತ್ತಿತ್ತು. ಎರಡು ವರ್ಷದ ಹಿಂದೆ ಅದನ್ನು ಮಾಡಿಕೊಟ್ಟವನು ಅವನೇ.

ಗೌತಮಿಗೆ ಇದು ಗೊತ್ತಿರಲಿಲ್ಲ. ಆಕೆ ತನ್ನ ಕಥೆ ಹೇಳುತ್ತಲೇ ಇದ್ದಳು. ಸೆಕೆಂಡ್‌ಹ್ಯಾಂಡ್ ಕಾರು, ತನ್ನ ಪಗಾರದಲ್ಲಿ ತಗೊಂಡದ್ದು. ತಗೊಂಡಾಗ ಬಂದದ್ದು ಒಂದೇ ಚಾವಿ, ಅದು ಸದಾ ತನ್ನ ಪರ್ಸಿನಲ್ಲಿ. ಆದರೂ ಗಂಡ ವಿವೇಕ ಎಲ್ಲಿಂದಲೋ ಇನ್ನೊಂದು ಚಾವಿ ಹುಟ್ಟಿಸಿಕೊಂಡಿದ್ದಾನೆ. ಕುಡಿಯದ ದಿನ ಅವನಂಥ ಮನುಷ್ಯ ಇಲ್ಲ, ಆದರೆ ಕುಡಿಯದ ದಿನಗಳೇ ಈಗ ಇಲ್ಲ. ಶನಿವಾರ ಬಂತೆಂದರೆ ದವಾಖಾನೆಯ ಅಂಗಳದಿಂದ ಕಾರು ಒಯ್ಯುತ್ತಾನೆ, ಶಾಲೆಗೆ ಹೋಗಿ ಮಗಳು ಊರ್ಮಿಳಾಳನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ತಿರುಗುತ್ತಾನೆ. ಮೂರು ಶನಿವಾರದ ಹಿಂದೆ ಕಾರು ಸೇತುವೆಯ ಪಕ್ಕದ ಗಟಾರಕ್ಕೆ ಇಳಿಯಿತು. ಅಪ್ಪನಿಗೆ ಏನೂ ಆಗಲಿಲ್ಲ, ಏಳು ವರ್ಷದ ಹುಡುಗಿಯ ಎಡಗೈ ಎರಡು ಕಡೆ ಮುರಿಯಿತು.

"ಶಾಲ್ಯಾಗ ಹೇಳಿದ್ರಿಲ್ಲ?"

"ಹೇಳಿದೆ. ಸ್ವಂತ ಅಪ್ಪ ಬಂದ್ರ ನಾವು ಹ್ಯಾಂಗ ಬ್ಯಾಡನ್ನೂದು ಅಂತಾರ. ಹುಬ್ಬಳ್ಳ್ಯಾಗ ಒಬ್ಬರ ಕಡೆ ಗಾಡಿ ಒಯ್ದಿದ್ದೆ. ಹಳೇ ಚಾವಿ ಎಲ್ಲಾ ಅಳಿಸಿ ನಿಮ್ಮದೊಂದನ್ನ ಮತ್ತ ಕೂಡಿಸೇವಿ, ಇನ್ನ ಬ್ಯಾರೆ ಚಾವಿ ನಡಿಯಂಗಿಲ್ಲ ಅಂದ್ರು. ಹ್ವಾದ ಶನಿವಾರ ಮತ್ತ ಒಯ್ದ! ಮೂರು ತಾಸು ಕೂಸು ಎಲ್ಲಿತ್ತೋ ನನಗ ಗೊತ್ತಿಲ್ಲ. ಕಾಕಾ, ಇದು ಹ್ಯಾಂಗ? ಗಾಡಿ ಒಳಗ ಏನರ ದೋಷ ಐತೇನು?"

ಗಾಡಿಯೊಳಗೆ ಯಾವ ದೋಷವೂ ಇರಲಿಲ್ಲ. ದೋಷ ಕಟ್ಟೆಯ ಮೇಲೆ ಕೂತಿತ್ತು.

ಪಂಢರಿನಾಥ ಕೆಟ್ಟ ಕೆಲಸಗಾರನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹದಿನೈದನೇ ವಯಸ್ಸಿಗೆ ಅರ ಹಿಡಿದವನು. ಅವನ ಅಪ್ಪನ ಕಾಲದಲ್ಲಿ ಜೀಪು, ಅಂಬಾಸಡರ್ ಇಷ್ಟೇ. ಕೀಲಿಗಳು ಎಷ್ಟು ಸವೆದಿರುತ್ತಿದ್ದವೆಂದರೆ ಅಣ್ಣಿಗೇರಿಯ ಗಾಡಿಯ ಚಾವಿ ನವಲಗುಂದದ ಗಾಡಿಗೂ ಹತ್ತುತ್ತಿತ್ತು, ಅದರಲ್ಲಿ ಯಾರಿಗೂ ಸೋಜಿಗವಿರಲಿಲ್ಲ. ಚಾವಿಯನ್ನು ಮೇಣದ ಬತ್ತಿಯ ಹೊಗೆಗೆ ಹಿಡಿದು, ಕೀಲಿಯಲ್ಲಿ ತಿರುಗಿಸಿ, ಕರಿ ಅಳಿಸಿದಲ್ಲಿ ಉಜ್ಜಿದರೆ ಕೆಲಸ ಮುಗಿಯಿತು. ಆಮೇಲೆ ಮಾರುತಿ ಬಂತು, ಓಮ್ನಿ ಬಂತು, ಚಾವಿ ಕೊರೆಯುವ ಮಶೀನು ಬಂತು. ಅಲ್ಲಿಯವರೆಗೂ ಕಬ್ಬಿಣ ಸರಿ ಇದ್ದರೆ ಎಲ್ಲ ಸರಿ.

ಸುಮಾರು ಇಪ್ಪತ್ತು ವರ್ಷದ ಹಿಂದೆ ಒಬ್ಬ ಗುತ್ತಿಗೆದಾರ ಹೊಸ ನಮೂನೆಯ ಕಾರು ತಂದ. ಪಂಢರಿನಾಥ ಕೂದಲೆಳೆಯಷ್ಟೂ ತಪ್ಪದಂತೆ ಚಾವಿ ಕೊರೆದುಕೊಟ್ಟ. ಇಂಜಿನ್ ಎದ್ದಿತು, ಎರಡೆಣಿಸುವುದರಲ್ಲಿ ಸತ್ತಿತು. ಮತ್ತೆ ಎದ್ದಿತು, ಮತ್ತೆ ಸತ್ತಿತು. ಡ್ಯಾಶ್‌ಬೋರ್ಡಿನಲ್ಲಿ ಚಾವಿಯ ಆಕಾರದ ಕೆಂಪು ದೀಪವೊಂದು ಮಿಣುಕುತ್ತಿತ್ತು. ಚಾವಿಯ ತಲೆಯಲ್ಲಿ ಅಕ್ಕಿಕಾಳಿನಷ್ಟು ಚಿಪ್ಪು ಇರುತ್ತದೆ, ಅದರ ನಂಬರನ್ನು ಕಾರಿನ ಕಂಪ್ಯೂಟರ್ ಗುರುತು ಹಿಡಿಯದಿದ್ದರೆ ಇಂಜಿನ್ ನಡೆಯುವುದಿಲ್ಲ ಎಂದು ಅವನಿಗೆ ಅವತ್ತು ಗೊತ್ತಾಯಿತು. ಗುತ್ತಿಗೆದಾರ ನಾಲ್ಕು ಜನರೆದುರು, "ಕಬ್ಬಿಣ ಉಜ್ಜೂದು ಬಿಟ್ಟು ಸ್ವಲ್ಪ ಓದೂದ ಕಲಿಯೋ" ಎಂದು ನಕ್ಕುಹೋದ. ಆ ಎರಡೆಣಿಕೆಯ ಸದ್ದು ಅವನಿಗೆ ಎಷ್ಟೋ ರಾತ್ರಿ ನಿದ್ದೆ ಕೊಡಲಿಲ್ಲ. ಬೆಳಗಾವಿಗೆ ಹೋಗಿ ಕಲಿತು ಬಂದ. ಈಗ ಗುಂಡಿ ಒತ್ತಿದರೆ ಎದ್ದೇಳುವ ಕಾರಿನ ಚಾವಿಯನ್ನೂ ಅವನು ಮಾಡುತ್ತಾನೆ, ಅಜ್ಜನ ಕಾಲದ ಟ್ರಂಕಿನದನ್ನೂ ಮಾಡುತ್ತಾನೆ.

ಅವನದೊಂದು ನೇಮವಿತ್ತು. ಗಾಡಿಯ ಆರ್‌ಸಿ ನೋಡದೆ ಚಾವಿಗೆ ಕೈ ಹಚ್ಚುವುದಿಲ್ಲ, ಹೊಸ ಚಾವಿಯಲ್ಲಿ ಗಾಡಿಯನ್ನು ಮೊದಲು ಮಾಲೀಕರೇ ಚಾಲೂ ಮಾಡಬೇಕು. ಎರಡು ವರ್ಷದ ಹಿಂದೆ ವಿವೇಕ ಹೆಂಡತಿಯ ಪರ್ಸಿನಿಂದ ಚಾವಿ ಎತ್ತಿಕೊಂಡು ಇದೇ ಕಾರನ್ನು ತಂದು ನಿಲ್ಲಿಸಿದಾಗ ಅವನು ಆರ್‌ಸಿ ಕೇಳಿದ್ದ. ವಿವೇಕ ಡ್ಯಾಶ್‌ಬೋರ್ಡಿನ ಡಬ್ಬಿಯಿಂದ ತೆಗೆದುಕೊಟ್ಟಿದ್ದ. ಪಂಢರಿನಾಥ ಓದಿದ್ದ. ಹೆಸರು ಗೌತಮಿ ಎಂದಿತ್ತು. "ಮನಿಯವ್ರದ ಹೌದಿಲ್ರಿ" ಎಂದು ತಾನೇ ಕೇಳಿ, ಉತ್ತರಕ್ಕೂ ಕಾಯದೆ ಕೆಲಸ ಶುರು ಮಾಡಿದ್ದ. ಹೆಂಡತಿಯ ಗಾಡಿ ಎಂದರೆ ಗಂಡನ ಗಾಡಿ. ಇದರಲ್ಲಿ ಕೇಳುವುದೇನಿದೆ ಎಂದು ಅವನಿಗೂ ಅನ್ನಿಸಲಿಲ್ಲ, ನಮ್ಮ ಕಡೆ ಯಾರಿಗೂ ಅನ್ನಿಸುವುದಿಲ್ಲ.

ಗಟಾರದ ಸುದ್ದಿ ಊರಿಗೆ ಬಂದ ದಿನ ಅವನು ಹೆಂಡತಿ ಹೀರಾಬಾಯಿಗೆ ಇದನ್ನು ಹೇಳಿದ್ದ. ಆಕೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಆರ್‌ಸಿ ಒಳಗ ಹೆಸರು ಓದಿದ್ರಿಲ್ಲ?"

"ಓದಿದ್ದೆ."

"ಓದಿ?"

"ಓದಿ ಮಾಡಿಕೊಟ್ಟೆ."

ಆಕೆ ಬಡಿದ ರೊಟ್ಟಿಯನ್ನು ಹೆಂಚಿಗೆ ಹಾಕಿದಳು. ಆವತ್ತು ಅವನಿಗೆ ರೊಟ್ಟಿ ಸೇರಲಿಲ್ಲ.

ಈಗ ಗೌತಮಿ ಅವನ ಮುಂದೆಯೇ ನಿಂತಿದ್ದಾಳೆ. ಕಾರು ಹೇಗೆ ಮೋಸ ಹೋಯಿತೆಂದು ಜಗತ್ತಿನಲ್ಲಿ ತಿಳಿದವನು ಅವನೊಬ್ಬನೇ. ಚಾವಿ ಮಾಡಲು ಎರಡು ದಾರಿ. ಹೊಸ ಚಿಪ್ಪಿಗೆ ಬೇರೆ ನಂಬರು ಕೊಟ್ಟು ಕಾರಿಗೆ ಪರಿಚಯ ಮಾಡಿಸುವುದು ಒಂದು, ಅದು ಮುಕ್ಕಾಲು ತಾಸಿನ ಕೆಲಸ. ಹಳೆಯ ಚಿಪ್ಪಿನ ನಂಬರನ್ನೇ ಹೊಸದಕ್ಕೆ ಬರೆದುಬಿಡುವುದು ಇನ್ನೊಂದು, ಐದು ನಿಮಿಷ ಸಾಕು. ವಿವೇಕನಿಗೆ ಅವಸರವಿತ್ತು, ಪಂಢರಿನಾಥ ಐದು ನಿಮಿಷದ ದಾರಿ ಹಿಡಿದಿದ್ದ. ಹಾಗಾಗಿ ಗಂಡನ ಚಾವಿಗೂ ಹೆಂಡತಿಯ ಚಾವಿಗೂ ಒಂದೇ ನಂಬರು. ಹುಬ್ಬಳ್ಳಿಯವರು ಎಲ್ಲ ಅಳಿಸಿ ಆಕೆಯ ಚಾವಿಯನ್ನು ಮತ್ತೆ ಕೂಡಿಸಿದಾಗ, ಗಂಡನದೂ ಅದರ ಬೆನ್ನಿಗೆ ಒಳಗೆ ಬಂತು.

"ಆಗತೈತ್ರಿ ಅಕ್ಕಾರ," ಎಂದ. "ಆದ್ರ ಈ ಚಾವಿನೂ ಹೋಗಬೇಕು. ಎರಡೂ ಹೊಸಾವ ಮಾಡಬೇಕು."

"ಇದು ನಂದಲ್ಲ? ಇದ್ಯಾಕ ಹೋಗಬೇಕು?"

ಸುಳ್ಳು ಹೇಳಬಹುದಿತ್ತು. ಚಿಪ್ಪು ಹಳೆಯದಾಗಿದೆ ಎಂದರೆ ಮುಗಿಯುತ್ತಿತ್ತು, ಆಕೆ ನಂಬುತ್ತಿದ್ದಳು. ಪಂಢರಿನಾಥನ ನಾಲಿಗೆಯ ತುದಿಗೆ ಅದು ಬಂದಿತ್ತು ಕೂಡ. ಆದರೆ ಆಕೆ ಒಂದು ವಾರದಿಂದ ಕಾರಿನಲ್ಲೇ ದೋಷವಿದೆ ಎಂದು ನಂಬಿ ಬದುಕಿದ್ದಳು.

"ನಿಮ್ಮ ಮನಿಯವ್ರ ಚಾವಿ ಇದರದ ನಕಲು ಐತ್ರಿ. ಅದನ್ನ ಮಾಡಿಕೊಟ್ಟಾಂವ ನಾನ."

ಗೌತಮಿ ಅವನ ಮುಖ ನೋಡಿದಳು. ಹೋದ ವರ್ಷ ಅರ ಜಾರಿ ಅವನ ಹೆಬ್ಬೆರಳು ಸೀಳಿದಾಗ ಹೊಲಿಗೆ ಹಾಕಿದವಳು ಆಕೆಯೇ. ಈಗ ಅದೇ ಬೆರಳನ್ನು ನೋಡಿದಳು. ಬೈಯುತ್ತಾಳೆ ಎಂದು ಅವನು ಕಾದ, ಬೈದಿದ್ದರೆ ಹಗುರಾಗುತ್ತಿದ್ದ.

"ಎಷ್ಟೊತ್ತು ಬೇಕು?" ಎಂದಳು.

"ಮುಕ್ಕಾಲು ತಾಸು."

"ಹತ್ತೂಕಾಲು ಆಗೈತಿ. ನಡೀರಿ."

ಅವನು ಎರಡು ಹೊಸ ಚಾವಿ ಕೊರೆದ. ಬಾಗಿಲಿನ ಕೀಲಿ ಹಳೆಯದೇ ಆದ್ದರಿಂದ ಹಲ್ಲು ಅವೇ ಇರಬೇಕು, ಒಳಗಿನ ಚಿಪ್ಪು ಮಾತ್ರ ಬೇರೆ. ಬ್ಯಾಟರಿ ಕೈಕೊಡಬಾರದೆಂದು ಇನ್ನೊಂದು ಬ್ಯಾಟರಿಯ ವಾಯರ್ ಸಿಗಿಸಿದ. ಗೌತಮಿಯನ್ನು ಡ್ರೈವರ್ ಸೀಟಿನಲ್ಲಿ ಕೂಡಿಸಿ, ತಾನು ಬಾಜೂ ಕೂತು, ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಚಿಪ್ಪಿನ ನಂಬರು ಓದಿ ಬರೆಯುವ ಸಣ್ಣ ಮಶೀನಿನ ವಾಯರ್ ಚುಚ್ಚಿದ. ಅಷ್ಟರಲ್ಲಿ ಹತ್ತೂ ನಲವತ್ತು.

"ಅಕ್ಕಾರ, ಈಗ ಹೊಸಾ ಚಾವಿ ತಿರುವಿ ಹಂಗ ಬಿಡ್ರಿ. ಹತ್ತು ನಿಮಿಷ ಗಾಡಿ ನಮ್ಮನ್ನ ಕಾಯಿಸತೈತಿ. ಕಳ್ಳರು ಕಾಯಂಗಿಲ್ಲಂತ ಕಂಪನಿಯವ್ರು ಹಂಗ ಮಾಡ್ಯಾರ. ನಡುವ ಚಾವಿ ಬಂದ್ ಆದ್ರ ಮತ್ತ ಮೊದಲಿನಿಂದ."

ಮಶೀನಿನ ಪರದೆಯಲ್ಲಿ ಹತ್ತು ನಿಮಿಷದ ಅಂಕಿ ಇಳಿಯತೊಡಗಿತು. ಗಾಜು ಏರಿಸಿದ್ದರು, ಒಳಗೆ ಉಬ್ಬರಿಸುತ್ತಿತ್ತು. ಹಿಂದಿನ ಸೀಟಿನಲ್ಲಿ ಹುಡುಗಿಯದೊಂದು ಹೇರ್‌ಬ್ಯಾಂಡ್ ಬಿದ್ದಿತ್ತು, ಪಂಢರಿನಾಥ ಅದನ್ನು ನೋಡಿ ಮತ್ತೆ ಪರದೆ ನೋಡಿದ.

ಮೂರು ನಿಮಿಷ ಉಳಿದಿತ್ತು. ಪಕ್ಕದ ಬಳೆ ಅಂಗಡಿಯ ರಜಿಯಾಬೇಗಂ ಹೊರಗೆ ಬಂದು ಗಾಜು ಬಡಿದಳು. ಅರವತ್ತರ ಹೆಂಗಸು, ಅಂಗಡಿಗೆ ಬಂದವರ ಕಥೆಯೆಲ್ಲ ಬಳೆ ತೊಡಿಸುತ್ತಲೇ ತಿಳಿದುಕೊಳ್ಳುವವಳು.

"ಪಂಢರಿ, ಬಂದಾನ! ಬೈಕ್ ಮ್ಯಾಲೆ ಬಂದಾನ!"

ದವಾಖಾನೆಯ ಅಂಗಳದಲ್ಲಿ ಕಾರು ಕಾಣದೆ ವಿವೇಕ ಹುಡುಕಿಕೊಂಡು ಬಂದಿದ್ದ. ಬೈಕನ್ನು ಅಡ್ಡಾದಿಡ್ಡಿ ನಿಲ್ಲಿಸಿ, ಚಾವಿಯನ್ನೂ ತೆಗೆಯದೆ ಇಳಿದ. ನಡಿಗೆ ನೋಡಿದರೇ ಸಾಕು, ಬೆಳಿಗ್ಗೆಯೇ ಶುರುವಾಗಿತ್ತೆಂದು ತಿಳಿಯುತ್ತಿತ್ತು.

"ಗೌತಮಿ, ಇಳಿ. ಕೂಸಿನ್ನ ಕರಕೊಂಡ ಬರಬೇಕು, ಹೊತ್ತಾಗೈತಿ."

ಗೌತಮಿ ಬಾಗಿಲಿನ ಲಾಕ್ ಗುಂಡಿಯನ್ನು ಒತ್ತಿಹಿಡಿದಳು. ಎರಡೂವರೆ ನಿಮಿಷ.

"ಇಳೀತೀಯೋ ಇಲ್ಲೋ?" ವಿವೇಕ ಕಿಸೆಯಿಂದ ಚಾವಿ ತೆಗೆದು ಬಾಗಿಲಿಗೆ ಹಾಕಿ ತಿರುಗಿಸಿದ. ಗುಂಡಿ ಟಕ್ಕೆಂದು ಮೇಲೆದ್ದಿತು. ಆಕೆ ಒತ್ತಿದಳು. ಅವನು ತಿರುಗಿಸಿದ, ಮತ್ತೆ ಎದ್ದಿತು. ಆಕೆ ಎರಡೂ ಹೆಬ್ಬೆರಳು ಇಟ್ಟು ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದಳು. ಎದ್ದಿತು, ಒತ್ತಿದಳು, ಎದ್ದಿತು, ಒತ್ತಿದಳು. ಪಂಢರಿನಾಥ ಆ ಚಾವಿ ತಿರುಗುವ ಸದ್ದನ್ನೇ ಕೇಳಿದ. ಅಷ್ಟು ಸಲೀಸಾಗಿ ತಿರುಗುತ್ತಿದ್ದದ್ದು ಅವನದೇ ಕೈಯ ಕೆಲಸ. ಹಲ್ಲು ಒಂದಿಷ್ಟು ಒರಟಾಗಿ ಕೊರೆದಿದ್ದರೆ ಇಷ್ಟು ಹೊತ್ತಿಗೆ ಎಲ್ಲಾದರೂ ಸಿಕ್ಕಿಕೊಳ್ಳುತ್ತಿತ್ತು.

ಇಳಿದು ಅವನನ್ನು ಹಿಡಿದುಕೊಳ್ಳಲೇ ಎಂದು ಒಂದು ಮನಸ್ಸು. ಇಳಿದರೆ ತೊಡೆಯ ಮೇಲಿನ ಮಶೀನು ಕಳಚುತ್ತದೆ, ಎಲ್ಲ ಮೊದಲಿನಿಂದ. ಕೂತೇ ಇದ್ದ. ಒಂದು ನಿಮಿಷ ಹತ್ತು ಸೆಕೆಂಡು.

"ಏ ತಮ್ಮಾ, ನಡು ರಸ್ತೆದಾಗ ಏನಿದು!" ರಜಿಯಾಬೇಗಂ ವಿವೇಕನ ತೋಳು ಜಗ್ಗಿದಳು. ಅವನು ಕೊಡವಿದ, ಆಕೆ ಕಟ್ಟೆಗೆ ತಾಗಿ ನಿಂತಳು. ಬಸ್‌ಸ್ಟ್ಯಾಂಡಿನ ಜನ ಸುತ್ತಲೂ ಸೇರಿತು. ಸೇರಿದ ಜನ ನೋಡುವುದಕ್ಕೆ ಸೇರಿತ್ತು, ಬಿಡಿಸುವುದಕ್ಕಲ್ಲ. "ಗಂಡ ಹೆಂಡತಿ ಜಗಳ" ಎಂದು ಒಬ್ಬ ಇನ್ನೊಬ್ಬನಿಗೆ ತಿಳಿಸಿಹೇಳಿದ.

ಪರದೆ ಹಸಿರಾಯಿತು. ಎಲ್ಲ ಚಾವಿ ಅಳಿಸಬೇಕೇ ಎಂದು ಕೇಳಿತು. ಪಂಢರಿನಾಥನ ಬೆವೆತ ಬೆರಳಿನ ಒತ್ತು ಪರದೆಗೆ ತಿಳಿಯಲೇ ಇಲ್ಲ. ಅಂಗಿಗೆ ಒರೆಸಿ ಮತ್ತೆ ಒತ್ತಿದ. ಚಾವಿಗಳು: ಸೊನ್ನೆ. ಈ ಗಳಿಗೆಯಲ್ಲಿ ಕಾರು ಯಾರದೂ ಅಲ್ಲ. ಹೊಸ ಚಾವಿ ಕೂಡಿಸಬೇಕೇ? ಒತ್ತಿದ. ಒಂದು ಸಣ್ಣ ಗೆರೆ ಎಡದಿಂದ ಬಲಕ್ಕೆ ತೆವಳತೊಡಗಿತು.

ಗೌತಮಿಯ ಬೆರಳು ಜಾರಿತು. ಬಾಗಿಲು ತೆರೆಯಿತು. ವಿವೇಕ ಅರ್ಧ ಮೈ ಒಳಗೆ ತೂರಿಸಿ ಚಾವಿಗೆ ಕೈ ಹಾಕಿದ. ಆಕೆ ಅವನ ಮಣಿಕಟ್ಟನ್ನು ಹಿಡಿದಳು, ಕಚ್ಚಿದಳು, ಬಿಡಲಿಲ್ಲ. ಗೆರೆ ತುದಿ ಮುಟ್ಟಿತು. ಚಾವಿಗಳು: ಒಂದು.

"ಬಿಡ್ರಿ ಅಕ್ಕಾರ," ಎಂದ ಪಂಢರಿನಾಥ. "ಬಿಡ್ರಿ, ಆತು. ಹಾಕ್ಲಿ."

ಆಕೆ ಅರೆಗಳಿಗೆ ಅವನನ್ನು ನೋಡಿದಳು. ಇವನ ಮಾತು ನಂಬಬೇಕೋ ಬೇಡವೋ ಎಂದು ಯೋಚಿಸಲು ಆಕೆಗೆ ಕಾರಣ ಬೇಕಾದಷ್ಟಿತ್ತು. ಆದರೂ ಕೈ ಬಿಟ್ಟಳು. ಹೊಸ ಚಾವಿಯನ್ನು ತಾನೇ ತೆಗೆದು ಮುಷ್ಟಿಯಲ್ಲಿ ಹಿಡಿದು, ಗಂಡನನ್ನು ದೂಡಿಕೊಂಡು ಅದೇ ಬಾಗಿಲಿನಿಂದ ಇಳಿದು ನಿಂತಳು. ವಿವೇಕ ಸೀಟಿನಲ್ಲಿ ಕುಸಿದು ಕೂತು ತನ್ನ ಚಾವಿ ಹಾಕಿ ತಿರುಗಿಸಿದ.

ಇಂಜಿನ್ ಎದ್ದಿತು. ಗೌತಮಿಯ ಮುಖ ಬಿಳಚಿಕೊಂಡಿತು. ಒಂದು, ಎರಡು. ಇಂಜಿನ್ ಸತ್ತಿತು.

ಮತ್ತೆ ತಿರುಗಿಸಿದ. ಎದ್ದಿತು, ಸತ್ತಿತು. ಕೆಂಪು ದೀಪ ಮಿಣುಕುತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಪಂಢರಿನಾಥನ ಮಾನ ಕಳೆದಿದ್ದ ಸದ್ದು ಅದೇ, ಇವತ್ತು ಅದನ್ನು ಕೇಳಿ ಅವನಿಗೆ ಕಣ್ಣು ತುಂಬಿ ಬಂತು. ಐದನೇ ಸಲಕ್ಕೆ ಜನರಲ್ಲಿ ಯಾರೋ ನಕ್ಕರು.

ವಿವೇಕ ಇಳಿದು ಚಾವಿಯನ್ನು ಪಂಢರಿನಾಥನ ಎದೆಗೆ ಒಗೆದ. "ನೀನ ಮಾಡಿಕೊಟ್ಟಿದ್ದಿ ಅಲ್ಲಲೇ ಇದನ್ನ? ಈಗ ಎಲ್ಲರ ಮುಂದ ಸಾಚಾ ಆಗ್ತೀಯೇನು?"

"ಹೌದು, ನಾನ ಮಾಡಿದ್ದು," ಎಂದು ಪಂಢರಿನಾಥ ಮಶೀನನ್ನು ಸೀಟಿನ ಮೇಲಿಟ್ಟು ಇಳಿದ. ಬಸ್‌ಸ್ಟ್ಯಾಂಡಿನ ಅರ್ಧ ಜನಕ್ಕೆ ಕೇಳುವಂತೆ ಎಂದ. "ತಪ್ಪು ಮಾಡಿದ್ದೆ. ಆರ್‌ಸಿ ಒಳಗ ಈಕಿ ಹೆಸರಿತ್ತು. ಓದಿ ಮಾಡಿಕೊಟ್ಟಿದ್ದೆ."

"ಬೈಕ್ ಮ್ಯಾಲೆ ಕರಕೊಂಡ ಬರ್ತೀನಿ! ನನ್ನ ಮಗಳಾಕಿ!" ವಿವೇಕ ಬೈಕಿನ ಕಡೆ ತಿರುಗಿದ. ಬೈಕಿನಲ್ಲಿ ಚಾವಿ ಇರಲಿಲ್ಲ.

ರಜಿಯಾಬೇಗಂ ಕಟ್ಟೆಗೆ ಒರಗಿ ನಿಂತು ದುಪಟ್ಟಾ ಸರಿಮಾಡಿಕೊಳ್ಳುತ್ತಿದ್ದಳು. "ನನ್ನ ಕಡೆ ಐತಿ. ನಶಾ ಇಳಿದ ಮ್ಯಾಲೆ ಬಾ ಬೇಟಾ, ಸಂಜಿಕ್ಕ. ಕೊಡ್ತೀನಿ."

ಹೆಂಗಸಿನ ಮೈ ಮುಟ್ಟಿ ಚಾವಿ ಹುಡುಕುವಷ್ಟು ಧೈರ್ಯ ಅಷ್ಟು ಜನರ ನಡುವೆ ಕುಡಿದವನಿಗೂ ಇರಲಿಲ್ಲ. ವಿವೇಕ ಪಂಢರಿನಾಥನ ಮುಂದೆ ಬಂದು ನಿಂತ. ದನಿ ಒಮ್ಮೆಲೇ ಇಳಿದಿತ್ತು.

"ಕಾಕಾ, ಬೈಕಿಗೊಂದು ಚಾವಿ ಮಾಡಿಕೊಡು. ಐದು ನಿಮಿಷದ್ದ ಅಲ್ಲ?"

"ಆರ್‌ಸಿ ತೋರಸು."

"ನಮ್ಮ ಅಣ್ಣನ ಹೆಸರಿನ್ಯಾಗ ಐತಿ."

"ಹಂಗಾರ ಅಣ್ಣನ್ನ ಕರಕೊಂಡ ಬಾ," ಎಂದು ಪಂಢರಿನಾಥ ಕಾರಿನ ಕಡೆ ಹೊರಳಿದ.

ಎರಡನೇ ಚಾವಿ ಕೂಡಿಸುವುದಕ್ಕೆ ಎರಡು ನಿಮಿಷ ಹಿಡಿಯಿತು. ವಾಯರ್ ಕಳಚಿದ. ಬಾಗಿಲಿನ ಕೀಲಿಯನ್ನು ಸೋಮವಾರ ಬದಲಿಸಿಕೊಡುವುದಾಗಿ ಹೇಳಿದ, ಅಲ್ಲಿಯವರೆಗೆ ಹಳೆಯ ಚಾವಿಗೆ ಬಾಗಿಲು ತೆರೆದರೂ ಗಾಡಿ ನಡೆಯುವುದಿಲ್ಲ. ಹನ್ನೊಂದಾಗಿ ಎರಡು ನಿಮಿಷವಾಗಿತ್ತು. ಗೌತಮಿ ಕಾರು ಚಾಲೂ ಮಾಡಿದಳು. ಇಂಜಿನ್ ನಿಲ್ಲಲಿಲ್ಲ. ಆದರೆ ಆಕೆ ಗೇರ್ ಹಾಕಲಿಲ್ಲ, ಗಾಜು ಇಳಿಸಿ ಮಶೀನಿನ ಕಡೆ ಕೈ ತೋರಿಸಿದಳು.

"ಅದರಾಗ ಈ ಚಾವಿದು ನಕಲು ಉಳದಿರತೈತೇನ್ರಿ?"

ಪಂಢರಿನಾಥ ತಲೆ ತಗ್ಗಿಸಿದ. "ಉಳದಿರತೈತ್ರಿ. ಮಾಡಿದ್ದೆಲ್ಲಾ ಉಳದಿರತೈತಿ."

"ನನ್ನ ಮುಂದ ಅಳಿಸ್ರಿ."

ಅವನು ಪಟ್ಟಿ ತೆರೆದು, ಆಕೆಯ ಗಾಡಿಯ ನಂಬರು ಹುಡುಕಿ, ಹಳೆಯದನ್ನೂ ಹೊಸದನ್ನೂ ಆಕೆಗೆ ಕಾಣುವಂತೆ ಹಿಡಿದು ಅಳಿಸಿದ. ಆಕೆ ನೋಡಿದಳು. ನೋಡಿ ಇನ್ನೊಂದು ಸಲ ತೋರಿಸೆಂದಳು, ಅವನು ತೋರಿಸಿದ. ಗಾಜು ಏರಿಸಿ ಗೇರ್ ಹಾಕಿದಳು. ಕಾರು ಮಿಶ್ರಿಕೋಟಿಯ ದಾರಿ ಹಿಡಿಯಿತು.

ಜನ ಚದುರಿತು. ಪಂಢರಿನಾಥ ಕಟ್ಟೆಗೆ ಬಂದು ಕೂತ. ಗೌತಮಿಯ ಹಳೆಯ ಚಾವಿ ಅಲ್ಲೇ ಇತ್ತು, ವಿವೇಕನದನ್ನು ಅದರ ಬಾಜೂಕೆ ಇಟ್ಟ. ಎರಡಕ್ಕೂ ಏನೇನೂ ಫರಕಿರಲಿಲ್ಲ. ಎರಡನ್ನೂ ಒಟ್ಟಿಗೆ ಪಕ್ಕಡಿನಲ್ಲಿ ಹಿಡಿದು ಬಾಗಿಸಿ ಮುರಿದ. ಆಮೇಲೆ ಮಶೀನು ತೊಡೆಯ ಮೇಲಿಟ್ಟುಕೊಂಡು ಪಟ್ಟಿಯನ್ನು ಮತ್ತೆ ತೆರೆದ. ಮುನ್ನೂರ ಹದಿನೇಳು ಗಾಡಿಗಳಿದ್ದವು. ಒಂದೊಂದರ ಆರ್‌ಸಿಯನ್ನೂ ಅವನು ಕೈಯಾರೆ ಹಿಡಿದು ಓದಿದ್ದ. ಯಾರ ಹೆಸರಿತ್ತು, ಯಾರು ಬಂದು ಚಾವಿ ಒಯ್ದರು ಎಂದು ಮೇಲಿನಿಂದ ಒಂದೊಂದಾಗಿ ನೆನಪು ಮಾಡಿಕೊಳ್ಳತೊಡಗಿದ, ಐದನೆಯದಕ್ಕೇ ಅವನ ಬೆರಳು ನಿಂತಿತು.